ದೋಣಿಯ ತಂತಿಗೂ ಕಲಾಯಿ ಬೇಕು

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಗೆಳೆಯರೊಬ್ಬರ ದೋಣಿಗೆ ಹೋದ ಬೇಸಿಗೆಯಲ್ಲಿ ವೈರಿಂಗ್ ಪೂರ್ತಿ ಬದಲಾಯಿಸಿದೆವು. ಏಳು ಮೀಟರ್ ಉದ್ದದ ಫೈಬರ್ ದೋಣಿ. ಹಿಂದೆ ಔಟ್‌ಬೋರ್ಡ್ ಎಂಜಿನ್, ಪಕ್ಕದಲ್ಲಿ 12 ವೋಲ್ಟಿನ ಬ್ಯಾಟರಿ, ಮೂತಿಯಲ್ಲಿ 60 ವ್ಯಾಟಿನ ಹ್ಯಾಲೋಜೆನ್ ಸರ್ಚ್‌ಲೈಟು, ತಳದಲ್ಲಿ ನಿಂತ ನೀರನ್ನು ಹೊರಗೆ ಹಾಕಲು ಒಂದು ಪುಟ್ಟ ಪಂಪು. ಅಷ್ಟೇ ಸಂಸಾರ. ಆದರೆ ಆ ಸರ್ಚ್‌ಲೈಟಿಗೆ ಒಂದು ಕಥೆ ಅಂಟಿಕೊಂಡಿತ್ತು.

ಶೆಟ್ಟಿಹಳ್ಳಿಯ ಚರ್ಚು ಗೊತ್ತಲ್ಲ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಸಂಜೆ ಕತ್ತಲಾದ ಮೇಲೆ ಅದರ ಹತ್ತಿರ ದೋಣಿ ಬಂದರೆ ಸಾಕು, ಲೈಟು ಮಂಕಾಗುತ್ತದೆ. ದಾಟಿ ಹೋದರೆ ಮತ್ತೆ ಸರಿಯಾಗುತ್ತದೆ. "ಒಂದಿನ ಎರಡಿನ ಅಲ್ಲ ಮೇಷ್ಟ್ರೇ, ದಿನಾ. ಆ ಜಾಗವೇ ಸರಿಯಿಲ್ಲ" ಎಂದರು ಗೆಳೆಯರು. ಸ್ವಿಚ್ ಪ್ಯಾನೆಲಿನ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅವರು ನೋಡಿದ್ದು ಸುಳ್ಳಲ್ಲ. ನಾನೂ ಜೊತೆಗೆ ಹೋಗಿ ಕಣ್ಣಾರೆ ನೋಡಿದೆ, ಲೈಟು ಮಂಕಾಯಿತು. ಇಂಥ ಹೊತ್ತಿನಲ್ಲಿ "ಎಲ್ಲ ಮೂಢನಂಬಿಕೆ" ಎಂದು ತಳ್ಳಿಹಾಕುವವರ ಮೇಲೆ ನನಗೆ ನಿಜಕ್ಕೂ ಬೇಸರ. ಕಂಡದ್ದನ್ನು ಕಂಡ ಹಾಗೆ ಒಪ್ಪಿಕೊಂಡು, ಆಮೇಲೆ ಮೀಟರ್ ಹಿಡಿಯಬೇಕು.

ಹಿಡಿದೆವು. ದೋಣಿ ಜೋರಾಗಿ ಓಡುವಾಗ ಎಂಜಿನ್ನಿನ ಚಾರ್ಜಿಂಗ್ ಕಾಯಿಲ್‌ನಿಂದ ಬ್ಯಾಟರಿಯ ಮೇಲೆ 13.8 ವೋಲ್ಟ್, ಲೈಟಿನ ಬುಡದಲ್ಲಿ 11.9. ಚರ್ಚಿನ ಹತ್ತಿರ ಬ್ಯಾಟರಿಯಲ್ಲಿ 12.2, ಲೈಟಿನಲ್ಲಿ 10.3. ಅಲ್ಲೇ ಯಾಕೆ? ನೀರಡಿಯಲ್ಲಿ ಹಳೆಯ ಗೋಡೆ, ಮರದ ಬೊಡ್ಡೆ ಇವೆ ಎಂದು ಅಲ್ಲಿ ಯಾರೂ ಜೋರಾಗಿ ಓಡಿಸುವುದಿಲ್ಲ. ಎಂಜಿನ್ ನಿಧಾನವಾದರೆ ಚಾರ್ಜಿಂಗ್ ಬಿದ್ದುಹೋಗುತ್ತದೆ, ಬ್ಯಾಟರಿ ಒಂದೇ ಭಾರ ಹೊರಬೇಕು. ಹ್ಯಾಲೋಜೆನ್ ಬಲ್ಬಿನ ಗುಣವೇನೆಂದರೆ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಚರ್ಚಿನದೇನೂ ತಪ್ಪಿಲ್ಲ. ಆದರೆ ಎರಡೂ ಕಡೆ ಬ್ಯಾಟರಿಯಿಂದ ಲೈಟಿಗೆ ಹೋಗುವಷ್ಟರಲ್ಲಿ 1.9 ವೋಲ್ಟ್ ಕಳೆದುಹೋಗುತ್ತಿದೆ ಎಂಬುದನ್ನು ಗಮನಿಸಿ. ಕಳ್ಳ ಅಲ್ಲಿ, ವೈರಿನಲ್ಲಿದ್ದ.

ಹಳೆಯ ವೈರು 1 ಸ್ಕ್ವೇರ್ ಎಂಎಂನದು (ಕತ್ತರಿಸಿದ ತುದಿಯಲ್ಲಿ ಕಾಣುವ ತಾಮ್ರದ ವಿಸ್ತೀರ್ಣ), ಮನೆಯಲ್ಲಿ ಬಲ್ಬಿಗೆ ಎಳೆಯುವಂಥದ್ದು. ಅದನ್ನು ತೆಗೆದು ದಪ್ಪದ್ದು ಹಾಕೋಣ ಎಂದಾಗ ಗೆಳೆಯರು ಕೇಳಿದ ಪ್ರಶ್ನೆಯನ್ನು ನಾನು ಜೀವನದಲ್ಲಿ ನೂರು ಸಲ ಕೇಳಿದ್ದೇನೆ: "ಹನ್ನೆರಡು ವೋಲ್ಟ್ ತಾನೇ ಮೇಷ್ಟ್ರೇ? ಮುಟ್ಟಿದ್ರೂ ಷಾಕ್ ಹೊಡಿಯಲ್ಲ. ಅದಕ್ಕ್ಯಾಕೆ ಅಷ್ಟು ದಪ್ಪ ವೈರು?"

ಇದಕ್ಕಿಂತ ತಲೆಕೆಳಗಾದ ನಂಬಿಕೆ ವಿದ್ಯುತ್ತಿನ ವಿಷಯದಲ್ಲಿ ಇನ್ನೊಂದಿಲ್ಲ. ವೋಲ್ಟೇಜ್ ಕಡಿಮೆಯಾದಷ್ಟೂ ವೈರು ದಪ್ಪಗಾಗಬೇಕು. ಹಾಸನದ ಆಲೂಗೆಡ್ಡೆ ಮಂಡಿಯನ್ನು ನೆನೆಸಿಕೊಳ್ಳಿ. ಒಂದು ಲೋಡು ಗೆಡ್ಡೆ ಇಳಿಸಬೇಕು. ಒಬ್ಬೊಬ್ಬ ಹಮಾಲಿಯೂ ದೊಡ್ಡ ಮೂಟೆ ಹೊತ್ತರೆ ನಾಲ್ಕೇ ಜನ ಸಾಕು, ಕಿರಿದಾದ ಓಣಿಯಲ್ಲೂ ಸಲೀಸಾಗಿ ಓಡಾಡುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಮಂಕರಿ ಮಾತ್ರ ಕೊಟ್ಟರೆ ಅದೇ ಲೋಡಿಗೆ ಎಪ್ಪತ್ತು ಜನ ಬೇಕು, ಓಣಿಯಲ್ಲಿ ಮೈಗೆ ಮೈ ಉಜ್ಜಿ ಬಿಸಿಯಾಗುತ್ತದೆ. ವೋಲ್ಟೇಜ್ ಅಂದರೆ ತಲಾ ಹೊರೆ, ಆಂಪಿಯರ್ ಅಂದರೆ ತಲೆಗಳ ಎಣಿಕೆ. ಮನೆಯ 230 ವೋಲ್ಟಿಗೆ ಹೋಲಿಸಿದರೆ 12 ವೋಲ್ಟಿನಲ್ಲಿ ಅಷ್ಟೇ ವ್ಯಾಟಿಗೆ 19 ಪಟ್ಟು ಆಂಪಿಯರ್ ಬೇಕು. ವೈರಿನಲ್ಲಿ ವ್ಯರ್ಥವಾಗುವ ಶಾಖವೋ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಅದೇ ವೈರಿನಲ್ಲಿ 360 ಪಟ್ಟಿಗೂ ಹೆಚ್ಚು.

ಈ ಲೆಕ್ಕದ ಇನ್ನೊಂದು ತುದಿ ನಮ್ಮ ಮೈಸೂರು ಸೀಮೆಯಲ್ಲೇ ಇದೆ. 1902ರಲ್ಲಿ ಶಿವನಸಮುದ್ರದ ಕರೆಂಟನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಒಯ್ದರು. ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವಂಥ ದೂರ. ಅಷ್ಟು ದೂರ ಹೋಗಲು ಸಾಧ್ಯವಾದದ್ದು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರಿಂದ, ಆಂಪಿಯರನ್ನು ಇಳಿಸಿದ್ದರಿಂದ. ಅದನ್ನೇ 12 ವೋಲ್ಟಿನಲ್ಲಿ ಒಯ್ಯಲು ಹೊರಟಿದ್ದರೆ ತಾಮ್ರದ ಬೆಟ್ಟವನ್ನೇ ಕರಗಿಸಿ ಎಳೆದರೂ ಗಣಿ ಮುಟ್ಟುತ್ತಿರಲಿಲ್ಲ. ಗೆಳೆಯರ ದೋಣಿ ಮಾತ್ರ ಆ 12ಕ್ಕೇ ಕಟ್ಟುಬಿದ್ದದ್ದು.

ದೋಣಿಯ ಲೆಕ್ಕ ಹೀಗೆ. ಅಂಚು ಬಳಸಿ ಹೋಗಲು 8 ಮೀಟರ್, ವಾಪಸು ಬರಲು 8, ಒಟ್ಟು 16. ವಾಪಸು ದಾರಿಯನ್ನು ಮರೆಯುವವರೇ ಹೆಚ್ಚು. 60 ವ್ಯಾಟಿಗೆ 5 ಆಂಪಿಯರ್. 1 ಸ್ಕ್ವೇರ್ ಎಂಎಂ ವೈರು ಹೊಸದಾಗಿದ್ದರೂ ಸುಮಾರು ಒಂದೂವರೆ ವೋಲ್ಟ್ ನುಂಗುತ್ತದೆ. 2.5 ಹಾಕಿದರೆ 0.64, 4 ಹಾಕಿದರೆ 0.4, 6 ಹಾಕಿದರೆ 0.27. ದೋಣಿಯ ಮುಖ್ಯ ದೀಪ, ಪಂಪುಗಳಿಗೆ ನೂರಕ್ಕೆ ಮೂರರ ಮೇಲೆ ನಷ್ಟವಾಗಬಾರದು ಎಂಬುದು ದೋಣಿ ಕಟ್ಟುವವರ ರೂಢಿ. 12 ವೋಲ್ಟಿಗೆ ಅದು 0.36. ಹಾಗಾಗಿ 6 ಎಂದು ತೀರ್ಮಾನವಾಯಿತು. ಎಲ್‌ಇಡಿ ಹಾಕಿದರೆ ಆಯಿತಲ್ಲ ಎನ್ನಬಹುದು. ದೀಪಕ್ಕೆ ಆಗಬಹುದು, ಪಂಪಿಗೆ ಆಗುವುದಿಲ್ಲ.

ಇಷ್ಟಾದರೂ ಒಗಟು ಪೂರ್ತಿ ಬಿಡಲಿಲ್ಲ. ಲೆಕ್ಕದ ಪ್ರಕಾರ ಒಂದೂವರೆ ಹೋಗಬೇಕು, ಹೋಗುತ್ತಿದ್ದುದು 1.9. ಉಳಿದ 0.4 ಎಲ್ಲಿ? ಹಳೆಯ ವೈರಿನ ತುದಿಯನ್ನು ಬ್ಲೇಡಿನಿಂದ ಸೀಳಿದೆವು. ಒಳಗೆ ತಾಮ್ರದ ಕೆಂಪು ಇರಲಿಲ್ಲ. ತುದಿಯಲ್ಲಿ ಹಸಿರು ಕಿಲುಬು, ಅದರಾಚೆ ಕಪ್ಪು. ಒಂದು ಗೇಣು ಸೀಳಿದರೂ ಕಪ್ಪು, ಎರಡು ಗೇಣು ಸೀಳಿದರೂ ಕಪ್ಪು. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ತಾಮ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಎನ್ನುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಕಿಲುಬು ಹಿಡಿಯುತ್ತದೆ. ಕಿಲುಬು ಕರೆಂಟಿಗೆ ಅಡ್ಡ; ಆ 0.4 ಹೋಗುತ್ತಿದ್ದುದು ಅಲ್ಲಿ. ಆದರೆ ನೀರು ತಾಗಿದ್ದು ತುದಿಗೆ ಮಾತ್ರ. ಪ್ಲಾಸ್ಟಿಕ್ಕಿನೊಳಗೆ ಎರಡು ಗೇಣು ಹೇಗೆ ಹೋಯಿತು? ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಪಂಚೆಯ ಅಂಚು ನೆನೆದರೆ ಮೊಣಕಾಲಿನವರೆಗೆ ಒದ್ದೆಯಾಗುವ ಹಾಗೆ. ಕಾಫಿಯಲ್ಲಿ ಅದ್ದಿದ ರಸ್ಕು, ಮುಳುಗದ ತುದಿಯವರೆಗೂ ಮೆತ್ತಗಾಗುವ ಹಾಗೆ. ನೀರಿಗೆ ಸಂದಿ ಎಷ್ಟು ಕಿರಿದೋ ಅಷ್ಟು ಇಷ್ಟ: 0.1 ಮಿಲಿಮೀಟರ್ ಕೊರೆಯ ಗಾಜಿನ ನಳಿಗೆಯಲ್ಲಿ ಅದು ತಾನಾಗಿಯೇ ಸುಮಾರು 30 ಸೆಂಟಿಮೀಟರ್ ಏರುತ್ತದೆ. ಎಳೆಎಳೆಯಾದ ವೈರೆಂದರೆ ಅಂಥ ಸಂದಿಗಳ ಕಟ್ಟು. ಇನ್ನೂ ಕೆಟ್ಟ ಸಂಗತಿಯಿದೆ. 4 ಸ್ಕ್ವೇರ್ ಎಂಎಂ ಬಗ್ಗುವ ವೈರಿನಲ್ಲಿ 0.3 ಮಿಲಿಮೀಟರಿನ 56 ಎಳೆ ಇರುತ್ತವೆ. ಅಷ್ಟೇ ತಾಮ್ರ ಒಂದೇ ಸರಿಗೆಯಾಗಿದ್ದರೆ ಇರುತ್ತಿದ್ದ ಮೈಗಿಂತ ಈ ಎಳೆಗಳ ಒಟ್ಟು ಮೈ ಏಳೂವರೆ ಪಟ್ಟು. ಇಡೀ ತೆಂಗಿನಕಾಯಿಗಿಂತ ತುರಿದ ಕಾಯಿ ಬೇಗ ಹಳಸುವುದೂ ಹೀಗೆಯೇ.

ಹಾಗಾದರೆ ಒಂಟಿ ಸರಿಗೆಯನ್ನೇ ಹಾಕಬಾರದೇ? ಎಂಜಿನ್ನಿನ ನಡುಕಕ್ಕೆ ಅದು ತುಂಡಾಗುತ್ತದೆ. ಕಟ್ಟುತಂತಿಯನ್ನು ಹತ್ತು ಸಲ ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಎಳೆಯೂ ಬೇಕು, ಕಿಲುಬೂ ಹಿಡಿಯಬಾರದು. ಇದಕ್ಕೆ ದೋಣಿಯವರು ಕಂಡುಕೊಂಡ ಉಪಾಯ ನಮ್ಮ ಅಡುಗೆಮನೆಯದೇ: ಪ್ರತಿ ಎಳೆಗೂ ಕಲಾಯಿ.

ನಾನು ಹುಡುಗನಾಗಿದ್ದಾಗ ವರ್ಷಕ್ಕೊಮ್ಮೆ ಕಲಾಯಿಯವರು ಬಂದು ನಮ್ಮ ಬೀದಿಯ ಮರದಡಿ ತಿದಿ ಹೂಡುತ್ತಿದ್ದರು. ಅಮ್ಮ ಕೊಳದಪ್ಪಲೆ, ತಾಮ್ರದ ಪಾತ್ರೆಗಳನ್ನೆಲ್ಲ ಹೊರಗೆ ಇಡುತ್ತಿದ್ದಳು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ. ಕಾವಿಗೆ ನವಸಾಗರ ಒಡೆದು ಅಮೋನಿಯವೂ ಹೈಡ್ರೋಜನ್ ಕ್ಲೋರೈಡೂ ಹೊರಟು ತಾಮ್ರದ ಮೇಲಿನ ಕರೆಯನ್ನು ತಿಂದುಹಾಕುತ್ತವೆ. ಆಗ ತವರದ ಕಡ್ಡಿಯನ್ನು ತೀಡಿದರೆ 232 ಡಿಗ್ರಿಗೆ ಕರಗುವ ಆ ಲೋಹ ಹತ್ತಿಯ ಉಂಡೆಯ ಹಿಂದೆ ಬೆಳ್ಳಿಯಂತೆ ಹರಡುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ರುಚಿ ಬರುತ್ತದೆಂದು ಪ್ರತಿ ಮನೆಯಲ್ಲೂ ಗೊತ್ತಿತ್ತು. ಆ ತಿಳಿವಳಿಕೆಯನ್ನೇ ಹಿಡಿದು ದೋಣಿಯ ವೈರನ್ನು ನೋಡಿ, ಬೇರೆ ಪಾಠ ಬೇಡ.

ತವರ ಬರೀ ಹೊದಿಕೆಯಲ್ಲ, ಕಾವಲುಗಾರ. ಲೋಹಗಳನ್ನು ಅವು ಎಷ್ಟು ಸುಲಭವಾಗಿ ಕರಗಲು ಒಪ್ಪುತ್ತವೆ ಎಂಬುದರ ಮೇಲೆ ಸಾಲಾಗಿ ನಿಲ್ಲಿಸಿದರೆ ತಾಮ್ರದ ವಿಭವ +0.34 ವೋಲ್ಟ್, ತವರದ್ದು −0.14. ಅಂಕಿ ಕೆಳಗಿದ್ದಷ್ಟೂ ಕರಗುವ ಆತುರ ಹೆಚ್ಚು. ಇಬ್ಬರೂ ಒಟ್ಟಿಗೆ ನೆನೆದರೆ ಮೊದಲು ಕರಗುವುದು ತವರ. ಆದ್ದರಿಂದ ಕಲಾಯಿಯಲ್ಲಿ ಸಣ್ಣ ಗೀರು ಬಿದ್ದರೂ ತಾಮ್ರ ಉಳಿಯುತ್ತದೆ. ಕಬ್ಬಿಣದ ಮೇಲೆ ತವರ ಬಳಿದ ಡಬ್ಬಿಯಲ್ಲಿ ಇದು ತಿರುವುಮುರುವು: ಕಬ್ಬಿಣ −0.44, ಹಾಗಾಗಿ ಗೀರು ಬಿದ್ದ ಹಳೆಯ ಡಬ್ಬಿ ಮಳೆಯಲ್ಲಿ ಆ ಗೀರಿನಿಂದಲೇ ತುಕ್ಕು ಹಿಡಿಯುತ್ತದೆ.

ಈ ಪಾಠವನ್ನು ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆಗೆ ಕಲಿಯಿತು. 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ಹುಳು ಕೊರೆಯದಿರಲೆಂದು ತಾಮ್ರದ ತಗಡು ಹೊದಿಸಿದರು. ಎರಡು ವರ್ಷಕ್ಕೆ ನೋಡಿದರೆ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಕೊಳೆತುಹೋಗಿವೆ. ಕೆಲವು ಮಾತ್ರ ಗಟ್ಟಿಯಾಗಿದ್ದವು. ತಗಡು ಸುತ್ತಿ ಬಂದ ಕಂದು ಕಾಗದ ಆ ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು! 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿ, ತಾಮ್ರವನ್ನು ಉಳಿಸಲು ಬೇಕೆಂದೇ ಕಬ್ಬಿಣ, ಸತುವಿನ ತುಂಡುಗಳನ್ನು ಅಂಟಿಸಿದ. ತಾಮ್ರ ಉಳಿಯಿತು; ಆದರೆ ಕರಗದ ತಾಮ್ರಕ್ಕೆ ವಿಷ ಬಿಡುವ ಗುಣವೂ ಹೋಗಿ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡವು.

ಹೇಮಾವತಿಯದು ಸಿಹಿನೀರು, ಉಪ್ಪಿಲ್ಲ, ಅದಕ್ಕೆ ಕಲಾಯಿ ಯಾಕೆ ಎಂದರು ಒಬ್ಬರು. ಉಪ್ಪುನೀರು ಬೇಗ ತಿನ್ನುತ್ತದೆ, ಸಿಹಿನೀರು ನಿಧಾನವಾಗಿ ತಿನ್ನುತ್ತದೆ. ಬ್ಯಾಟರಿಯ ಕರೆಂಟು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುವುದರಿಂದ ಒದ್ದೆಯಾದ ಪಾಸಿಟಿವ್ ತುದಿ ಹಗಲೂ ರಾತ್ರಿ ಕರಗುತ್ತಲೇ ಇರುತ್ತದೆ. ಪ್ಯಾನೆಲಿನಲ್ಲಿ ಅತಿ ಹೆಚ್ಚು ಹಸಿರುಗಟ್ಟಿದ್ದ ಟರ್ಮಿನಲ್ ಯಾವುದು ಗೊತ್ತೇ? ನಿಂಬೆಹಣ್ಣಿನ ನೇರ ಕೆಳಗಿನದು. ರಸ ಇಳಿದ ಗೆರೆಯೇ ಕಾಣುತ್ತಿತ್ತು. ದೃಷ್ಟಿ ತೆಗೆಯಲು ಕಟ್ಟಿದ್ದೇ ದೋಷವನ್ನು ಬೆಳೆಸುತ್ತಿತ್ತು ಎಂಬುದು ನನ್ನನ್ನು ಬಹಳ ದಿನ ಕಾಡಿತು.

ವೈರು ಹುಡುಕಲು ಹಾಸನದ ಬಿ.ಎಂ. ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಮರೈನ್ ವೈರು, ಅಂದರೆ ದೋಣಿ ಹಡಗುಗಳಿಗೆಂದೇ ಮಾಡಿದ ಕಲಾಯಿ ವೈರು, ಇದೆಯೇ ಎಂದು ಕೇಳಿದರೆ "ಆ ಕಂಪನಿ ಮಾಲು ನಾವು ಇಡಲ್ಲ ಸಾರ್" ಎಂದರು. ಮನೆ ವೈರಿಂಗಿನ ಒಳ್ಳೆಯ ಐಎಸ್‌ಐ ವೈರು ಸಿಗುತ್ತದೆ, ಕಲಾಯಿ ಇಲ್ಲ. ಆಟೋ ಎಲೆಕ್ಟ್ರಿಕಲ್ಸಿನಲ್ಲಿ ಬಗ್ಗುವ ವೈರಿದೆ, ಅದಕ್ಕೂ ಇಲ್ಲ. ಶಿರಾಡಿ ಘಾಟಿ ಇಳಿದು ಮಂಗಳೂರು, ಮಲ್ಪೆಗೇ ಹೋಗಬೇಕೇನೋ ಎನ್ನುವಾಗ ಹೊಳೆದದ್ದು ಸೋಲಾರ್! ಚಾವಣಿಯ ಪ್ಯಾನೆಲಿನಿಂದ ಇಳಿಯುವ ಡಿಸಿ ಕೇಬಲ್ ಬಿಸಿಲು ಮಳೆಯಲ್ಲಿ ವರ್ಷಗಟ್ಟಲೆ ಬದುಕಬೇಕು. ಅದಕ್ಕಾಗಿ ಅದು ಕಲಾಯಿ ಹಾಕಿದ ಸಣ್ಣೆಳೆಯ ತಾಮ್ರ, ಮೇಲೆ ಎರಡು ಪದರ ಹೊದಿಕೆ. 4 ಮತ್ತು 6 ಸ್ಕ್ವೇರ್ ಎಂಎಂನಲ್ಲಿ ಮೀಟರ್ ಲೆಕ್ಕದಲ್ಲಿ ಊರಿನಲ್ಲೇ ಸಿಗುತ್ತದೆ. ಸ್ವಲ್ಪ ಬಿರುಸು, ಸಣ್ಣ ಮೂಲೆಯಲ್ಲಿ ಬಗ್ಗುವುದಿಲ್ಲ. ಎಂಜಿನ್ ಆಯಿಲ್, ಪೆಟ್ರೋಲ್ ತಾಗುವ ಕಡೆ ಹಾಕಲಿಲ್ಲ. ಸಮುದ್ರದ ಬೋಟಿಗೆ ಇದನ್ನು ಹೇಳಲಾರೆ, ಅಲ್ಲಿ ಮರೈನ್ ವೈರೇ ಬೇಕು. ಹಿನ್ನೀರಿನ ಪುಟ್ಟ ದೋಣಿಗೆ ಇದಕ್ಕಿಂತ ಒಳ್ಳೆಯದು ಕೈಗೆಟುಕುವ ದೂರದಲ್ಲಿಲ್ಲ.

ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಲೇಬೇಕು. ಬೆಳ್ಳಗಿನ ಮೈ ಕೆರೆದಾಗ ಒಳಗೆ ಕೆಂಪು ಕಂಡರೆ ಕಲಾಯಿ ತಾಮ್ರ. ಒಳಗೂ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಅಗ್ಗದ ಸ್ಪೀಕರ್ ವೈರುಗಳಲ್ಲಿ ಇದರ ಉಲ್ಟಾ ಮೋಸವಿದೆ: ಹೊರಗೆ ತಾಮ್ರದ ಲೇಪ, ಕೆರೆದರೆ ಬಿಳಿ.

ಉಳಿದದ್ದು ಬೇಗ ಮುಗಿಯಿತು. ತುದಿಗಳಿಗೆ ಕಲಾಯಿ ಹಾಕಿದ ತಾಮ್ರದ ಲಗ್‌ಗಳನ್ನು (ಸ್ಕ್ರೂಗೆ ಸಿಕ್ಕಿಸುವ ತುದಿತುಂಡು) ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಒಳಗೆ ಅಂಟು ಸವರಿದ, ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ನಳಿಗೆ ತೊಡಿಸಿದೆವು. ಬತ್ತಿಗೆ ಬಾಯಿ ಕಟ್ಟಿದಂತೆ. ಬೆಸುಗೆಯೊಂದನ್ನೇ ನಂಬಲಿಲ್ಲ, ಅದು ಎಳೆಗಳ ನಡುವೆ ಏರಿ ವೈರನ್ನು ಕಡ್ಡಿ ಮಾಡುತ್ತದೆ, ಆ ಜಾಗದಲ್ಲೇ ಮುರಿಯುತ್ತದೆ. ಪಂಪಿನ ಜೋಡಣೆಗಳು ನೀರಿನ ಮಟ್ಟದಿಂದ ಮೇಲೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಏಕೆಂದರೆ ಅದು ಕಾಯುವುದು ಲೈಟನ್ನಲ್ಲ, ವೈರನ್ನು. ಷಾಕ್ ಹೊಡೆಯದ 12 ವೋಲ್ಟ್ ಬ್ಯಾಟರಿ ಷಾರ್ಟ್ ಆದರೆ ನೂರಾರು ಆಂಪಿಯರ್ ಹರಿಸಿ ವೈರನ್ನು ಕೆಂಡ ಮಾಡುತ್ತದೆ, ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕು.

ಕತ್ತಲಾದ ಮೇಲೆ ಚರ್ಚಿನ ಕಡೆ ಹೋದೆವು. ಗೆಳೆಯರು ಎಂಜಿನ್ ತಗ್ಗಿಸಿದರು. ಬ್ಯಾಟರಿಯಲ್ಲಿ 12.2, ಲೈಟಿನಲ್ಲಿ 11.9. ಕಮಾನಿನ ಇಟ್ಟಿಗೆಗಳು ಒಂದೊಂದಾಗಿ ಕಾಣುವಷ್ಟು ಬೆಳಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನೆ ಲೈಟನ್ನು ಗೋಡೆಯ ಉದ್ದಕ್ಕೂ ಹಾಯಿಸಿದರು. ನಿಂಬೆಹಣ್ಣನ್ನು ತೆಗೆಯಿರೆಂದು ನಾನು ಹೇಳಲಿಲ್ಲ. ಪ್ಯಾನೆಲಿನಿಂದ ಬಿಡಿಸಿ ದೋಣಿಯ ಮೂತಿಯ ಹೊರಗೆ, ರಸ ನೀರಿಗೆ ಬೀಳುವಂತೆ ಕಟ್ಟಿಕೊಳ್ಳಿ ಎಂದೆ. ಮಾರನೆಯ ದಿನ ನೋಡಿದಾಗ ಅಲ್ಲಿಗೆ ಸ್ಥಳಾಂತರವಾಗಿತ್ತು.