ಕೆಂಪಾದ ಹಂತವನ್ನು ಮತ್ತೆ ಓಡಿಸುವ ಮುನ್ನ

ಮಾರ್ಚ್ ಕೊನೆಯ ವಾರ, ಸಂಜೆ ಆರೂವರೆ. ನಾನು ತಂತ್ರಾಂಶ ನೋಡಿಕೊಳ್ಳುತ್ತಿದ್ದ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು. ಅಲ್ಲಿ ಬಿಲ್ಲಿನ ಕೆಲಸವನ್ನು ತಂತ್ರಾಂಶವೇ ಹಂತ ಹಂತವಾಗಿ ಮಾಡುತ್ತದೆ; ಮುಗಿಯಿತೆಂಬ ಉತ್ತರ ಬಾರದ ಹಂತ ಪರದೆಯಲ್ಲಿ ಕೆಂಪಾಗುತ್ತದೆ. ‘ಸರ್, ಬಿಲ್ ಪಾವತಿಯ ಹಂತ ಕೆಂಪಾಗಿದೆ. ಅದೊಂದನ್ನೇ ಮತ್ತೆ ಓಡಿಸಲೇ?’ ಓಡಿಸಿ ಎಂದೆ. ಬೆಳಿಗ್ಗೆ ನೋಡಿದರೆ ಸರಬರಾಜುದಾರರೊಬ್ಬರ ಖಾತೆಗೆ 1,18,000 ರೂಪಾಯಿ ಎರಡು ಸಲ ಜಮೆಯಾಗಿತ್ತು. ಬ್ಯಾಂಕು ಮೊದಲ ಸಲವೇ ಹಣ ಕಳುಹಿಸಿತ್ತು. ಅದರ ಉತ್ತರ ಬರುವಷ್ಟರಲ್ಲಿ ನಮ್ಮ ತಂತ್ರಾಂಶ ಕಾಯುವುದನ್ನು ನಿಲ್ಲಿಸಿತ್ತು, ಅಷ್ಟೇ. ಹೆಚ್ಚುವರಿ ಹಣ ಹಿಂದಿರುಗಲು ಒಂಬತ್ತು ದಿನ ಹಿಡಿಯಿತು.

ಕೆಂಪು ಬಣ್ಣಕ್ಕೆ ‘ಕೆಲಸ ಆಗಿಲ್ಲ’ ಎಂದೇ ಅರ್ಥವಲ್ಲ. ಆಗಿದೆಯೋ ಇಲ್ಲವೋ ನಮಗೆ ತಿಳಿದಿಲ್ಲ ಎಂದೂ ಆಗಬಹುದು. ತೆರಿಗೆ ಲೆಕ್ಕ ಹಾಕುವ ಹಂತವನ್ನು ನೂರು ಸಲ ಓಡಿಸಿದರೂ ನಷ್ಟವಿಲ್ಲ. ಇಮೇಲ್ ಎರಡು ಸಲ ಹೋದರೆ ಕಿರಿಕಿರಿ. ಹಣ ಹಾಗಲ್ಲ.

ಒಂದೇ ಕೆಲಸ ಎರಡು ಸಲ ಆಗದಂತೆ ಸರಿಯಾಗಿ ಕಟ್ಟಿರುವ ಉದಾಹರಣೆ, ಬಿಲ್ಲುಗಳನ್ನು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ನಮ್ಮ ಜಿಎಸ್‌ಟಿಯ ಇ-ಇನ್‌ವಾಯ್ಸ್‌ನಲ್ಲೇ ಇದೆ. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಸೇರಿ 64 ಅಕ್ಷರಗಳ ಗುರುತು ಸಂಖ್ಯೆಯಾದ ಐಆರ್‌ಎನ್ ಹುಟ್ಟುತ್ತದೆ. ಅದೇ ಬಿಲ್ಲನ್ನು ಇನ್ನೊಮ್ಮೆ ಕಳುಹಿಸಿದರೆ ಪೋರ್ಟಲ್ ‘ಇದು ಆಗಲೇ ನೋಂದಣಿಯಾಗಿದೆ’ ಎಂದು ತಿರುಗಿಸುತ್ತದೆ. ಗುರುತು ಹುಟ್ಟುವುದು ವ್ಯವಹಾರದಿಂದ, ಪ್ರಯತ್ನದಿಂದಲ್ಲ. ನಮ್ಮ ತಪ್ಪು ಇದ್ದದ್ದು ಅಲ್ಲಿಯೇ: ಪಾವತಿಯ ಉಲ್ಲೇಖ ಸಂಖ್ಯೆಯಲ್ಲಿ ಗಂಟೆ, ನಿಮಿಷ ಸೇರಿಸಿದ್ದೆವು. ಪ್ರತಿ ಸಲವೂ ಹೊಸ ಸಂಖ್ಯೆ, ಹಾಗಾಗಿ ಬ್ಯಾಂಕಿಗೆ ಅದು ಹೊಸ ಪಾವತಿ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಮತ್ತೆ ಓಡುವ ಹಂತ ಯಾವ ಮಾಹಿತಿ ಬಳಸುತ್ತದೆ, ಅಂದಿನದೋ ಇಂದಿನದೋ? ಕೆಲಸಗಳನ್ನು ಹಂತ ಹಂತವಾಗಿ ಓಡಿಸುವ ಸೇವೆಯಾದ ಅಮೆಜಾನ್‌ನ ಸ್ಟೆಪ್ ಫಂಕ್ಷನ್ಸ್‌ಗೆ 2023ರ ನವೆಂಬರಿನಲ್ಲಿ ಬಂದ ‘ರಿಡ್ರೈವ್’, ಮುಗಿದ ಹಂತಗಳನ್ನು ಬಿಟ್ಟು ವಿಫಲವಾದಲ್ಲಿಂದ ಮುಂದುವರಿಸುತ್ತದೆ, ಆದರೆ ಹಳೆಯ ಮಾಹಿತಿಯೊಂದಿಗೇ. ತಪ್ಪು ಖಾತೆ ಸಂಖ್ಯೆಯಿಂದ ಸೋತ ಹಂತ ಅದರಲ್ಲಿ ಮತ್ತೆ ಸೋಲುತ್ತದೆ. ಅಂಥದ್ದನ್ನು ಸರಿಪಡಿಸಿ ಹೊಸದಾಗಿ ಆರಂಭಿಸಬೇಕು.

ಈಗ ಆ ಕಂಪನಿಯಲ್ಲಿ ಉಲ್ಲೇಖ ಸಂಖ್ಯೆ ಸರಬರಾಜುದಾರರ ಸಂಕೇತ ಮತ್ತು ಬಿಲ್ ಸಂಖ್ಯೆಯಿಂದ ಆಗುತ್ತದೆ. ಪಾವತಿ ಕೆಂಪಾದರೆ ಪರದೆಯಲ್ಲಿ ಮೊದಲು ಕಾಣುವುದು ‘ಬ್ಯಾಂಕಿನಲ್ಲಿ ವಿಚಾರಿಸಿ’ ಎಂಬ ಗುಂಡಿ. ಹಣ ಹೋಗಿಲ್ಲವೆಂಬ ಉತ್ತರ ಬರುವವರೆಗೆ ‘ಮತ್ತೆ ಓಡಿಸಿ’ ಬೂದು ಬಣ್ಣದಲ್ಲಿರುತ್ತದೆ, ಒತ್ತಿದರೂ ಅಲುಗುವುದಿಲ್ಲ.