ಹಳೆಯ ಕಟ್ ಗ್ಲಾಸ್: ಮಾಡಿದವರು ಯಾರು ಅನ್ನೋದು ಯಾಕಿಷ್ಟು ಗೋಜಲು?

ಅಮೆರಿಕದ ಹಳೆಯ ಕಟ್ ಗ್ಲಾಸ್, ಅಂದರೆ ಮೈಮೇಲೆ ಡಿಸೈನ್ ಕೊರೆದ ಗಾಜಿನ ಬಟ್ಟಲು, ಜಗ್ಗು, ತಟ್ಟೆಗಳ ಮಾರಾಟವನ್ನು ಗಮನಿಸುವವರಿಗೆ ಈ ಪಾಡು ಗೊತ್ತು. ಒಂದೇ ಡಿಸೈನಿನ ಬಟ್ಟಲಿಗೆ ಒಬ್ಬರು ಹಾಕ್ಸ್ ಕಂಪನಿಯ ಹೆಸರು ಹಾಕುತ್ತಾರೆ. ಇನ್ನೊಬ್ಬರು ಡಾರ್ಫ್ಲಿಂಗರ್ ಎನ್ನುತ್ತಾರೆ. ಮತ್ತೊಬ್ಬರು ಲಿಬ್ಬಿ ಎಂದು ಹಟ ಹಿಡಿಯುತ್ತಾರೆ. ಹೆಸರಿನ ಜೊತೆ ಬೆಲೆಯೂ ಏರಿಳಿಯುತ್ತದೆ. ಹಾಗಾಗಿ ಇದು ಬರೀ ಹವ್ಯಾಸಿಗಳ ವಾದವಾಗಿ ಉಳಿದಿಲ್ಲ.

ಗಾಜನ್ನು ಸಾಣೆ ಚಕ್ರಕ್ಕೆ ಹಿಡಿದು ಕೊರೆಯುವ ಕೆಲಸ ಇಂಗ್ಲೆಂಡ್, ಐರ್ಲೆಂಡ್, ಬೊಹೀಮಿಯಾಗಳಲ್ಲಿ ಬೆಳೆದು ಕೆಲಸಗಾರರ ಜೊತೆ ಅಟ್ಲಾಂಟಿಕ್ ದಾಟಿತು. 1876ರ ಫಿಲಡೆಲ್ಫಿಯಾ ಪ್ರದರ್ಶನದ ನಂತರ ಅಮೆರಿಕದ ಸಿರಿವಂತರ ಊಟದ ಮೇಜನ್ನು ಆಳಿತು. ಮೊದಲ ಮಹಾಯುದ್ಧದ ಹೊತ್ತಿಗೆ ಸೋತಿತು. ನಡುವಿನ ಆ ನಲವತ್ತು ವರ್ಷಗಳನ್ನು ಸಂಗ್ರಹಕಾರರು ‘ಬ್ರಿಲಿಯಂಟ್ ಕಾಲ’ ಎನ್ನುತ್ತಾರೆ. ಗೋಜಲು ಹುಟ್ಟಿದ್ದೂ ಆಗಲೇ.

ಅದನ್ನು ಬಿಡಿಸಬೇಕಾದರೆ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಸಣ್ಣ ಊರಿಗೆ ಹೋಗಬೇಕು. 1868ರಲ್ಲಿ ಬ್ರೂಕ್ಲಿನ್‌ನ ಒಂದು ಗಾಜಿನ ಕಾರ್ಖಾನೆ ಇಲ್ಲಿಗೆ ಬಂತು. ಅದೇ ಮುಂದೆ ಕಾರ್ನಿಂಗ್ ಗ್ಲಾಸ್ ವರ್ಕ್ಸ್ ಆಯಿತು. ಅದರ ಜೊತೆಗೇ ಜಾನ್ ಹೋರ್ ಎಂಬವರು ಗಾಜು ಕೊರೆಯುವ ಘಟಕ ತೆರೆದರು. ಅವರ ಬಳಿ ದುಡಿದ ಥಾಮಸ್ ಹಾಕ್ಸ್, ಐರ್ಲೆಂಡ್‌ನಿಂದ ಬಂದವರು, 1880ರಲ್ಲಿ ಸ್ವಂತ ಕೆಲಸ ಶುರುಮಾಡಿದರು. ಒಬ್ಬರ ಕೈಕೆಳಗೆ ಕಲಿತವರು ಹೊರಗೆ ಬಂದು ಇನ್ನೊಂದು ಕಂಪನಿ ಕಟ್ಟುವುದು ಆ ಊರಿನಲ್ಲಿ ಮಾಮೂಲಿಯಾಯಿತು. ಕೈಚಳಕವೂ ಡಿಸೈನೂ ಅವರ ಜೊತೆಗೇ ಓಡಾಡಿದವು. ಎಷ್ಟೋ ಜನ ಮನೆಯಲ್ಲೇ ಚಕ್ರ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಕೊರೆದು ಕೊಟ್ಟರು.

ಈಗ ಮುಖ್ಯ ಸಂಗತಿ. ಹಾಕ್ಸ್ ಬಹುಕಾಲ ಗಾಜನ್ನು ತಾವೇ ಊದಿ ಮಾಡುತ್ತಿರಲಿಲ್ಲ. ಕೊರೆಯದ ಖಾಲಿ ಬಟ್ಟಲನ್ನು ಕಸುಬಿನವರು ‘ಬ್ಲ್ಯಾಂಕ್’ ಎನ್ನುತ್ತಾರೆ. ಹಾಕ್ಸ್ ಅದನ್ನು ಕಾರ್ನಿಂಗ್ ಗ್ಲಾಸ್ ವರ್ಕ್ಸ್‌ನಿಂದ ಕೊಳ್ಳುತ್ತಿದ್ದರು. ಉಳಿದ ಎಷ್ಟೋ ಕಂಪನಿಗಳ ಕಥೆಯೂ ಇದೇ. ಬ್ಲ್ಯಾಂಕ್ ಮಾರುವವರಲ್ಲಿ ಪೆನ್ಸಿಲ್ವೇನಿಯಾದ ಡಾರ್ಫ್ಲಿಂಗರ್ ಇದ್ದರು, ಒಹಾಯೊದ ಲಿಬ್ಬಿ ಇದ್ದರು. ಬೆಲ್ಜಿಯಂ, ಫ್ರಾನ್ಸ್‌ನಿಂದಲೂ ಬ್ಲ್ಯಾಂಕ್ ಬರುತ್ತಿತ್ತು. ನೇಯ್ದವರು ಒಬ್ಬರು, ಬಣ್ಣ ಹಾಕಿದವರು ಇನ್ನೊಬ್ಬರು, ಪೆಟ್ಟಿಗೆ ಮೇಲೆ ಅಂಗಡಿಯ ಹೆಸರು ಬರುವ ರೇಷ್ಮೆ ಸೀರೆಯ ಹಾಗೆ. ‘ಮಾಡಿದವರು ಯಾರು’ ಎಂಬ ಒಂದೇ ಪ್ರಶ್ನೆಗೆ ಇಲ್ಲಿ ಮೂರು ಉತ್ತರ ಇರಬಹುದು. ಊದಿದವರು, ಕೊರೆದವರು, ಮಾರಿದವರು. ಬೆಳ್ಳಿಯ ಅಂಚಿರುವ ಜಗ್ಗುಗಳಲ್ಲಿ ನಾಲ್ಕನೆಯ ಉತ್ತರವೂ ಸೇರುತ್ತದೆ. ಅಂಚಿನ ಮೇಲಿನ ಮುದ್ರೆ ಸಾಮಾನ್ಯವಾಗಿ ಬೆಳ್ಳಿ ಕೆಲಸ ಮಾಡಿದ ಕಂಪನಿಯದು, ಗಾಜಿನವರದ್ದಲ್ಲ.

ಡಿಸೈನ್ ನೋಡಿ ಹೇಳೋಣವೇ? ಅಲ್ಲೂ ತೊಡಕಿದೆ. ‘ರಷ್ಯನ್’ ಎಂಬ ಪ್ರಸಿದ್ಧ ಡಿಸೈನನ್ನೇ ನೋಡಿ. ಕೊರೆತದ ಗೆರೆಗಳು ಒಂದನ್ನೊಂದು ದಾಟಿ, ನಡುವೆ ನಕ್ಷತ್ರ ಮತ್ತು ಗುಂಡಿಯಂಥ ಉಬ್ಬು ಮೂಡುವ ದಟ್ಟ ಕೆಲಸ ಅದು. 1882ರಲ್ಲಿ ಹಾಕ್ಸ್ ಕಂಪನಿಗಾಗಿ ಅದರ ಪೇಟೆಂಟ್ ಆಯಿತು. ಆದರೆ 1891ರಲ್ಲಿ ಅಧ್ಯಕ್ಷ ಹ್ಯಾರಿಸನ್ ಕಾಲದಲ್ಲಿ ವೈಟ್ ಹೌಸ್‌ಗೆ ಇದೇ ಡಿಸೈನಿನ ಸೆಟ್ಟು ಕೊಟ್ಟದ್ದು ಡಾರ್ಫ್ಲಿಂಗರ್. ಡಿಸೈನ್ ಪೇಟೆಂಟ್‌ಗೆ ಆಗ ಮೂರೂವರೆ, ಏಳು, ಹದಿನಾಲ್ಕು ವರ್ಷಗಳ ಅವಧಿಯಷ್ಟೇ ಇತ್ತು. ಅವಧಿ ತೀರಿದ ಮೇಲೆ ಯಾರು ಬೇಕಾದರೂ ಕೊರೆಯಬಹುದಿತ್ತು, ಕೊರೆದರು ಕೂಡ. ಗುಂಡಿಯನ್ನು ಸ್ವಚ್ಛ ಬಿಟ್ಟವರಿದ್ದಾರೆ, ಅದರ ಮೇಲೆ ನಕ್ಷತ್ರ ಕೊರೆದವರಿದ್ದಾರೆ, ಸಣ್ಣ ಜಾಲರಿ ಹಾಕಿದವರಿದ್ದಾರೆ. ಹಾಗಾಗಿ ರಷ್ಯನ್ ಡಿಸೈನ್ ಕಂಡ ಕೂಡಲೇ ಹಾಕ್ಸ್ ಎಂದರೆ ಅವಸರದ ಮಾತಾಗುತ್ತದೆ.

ಮುದ್ರೆ ಬಂದದ್ದು ಇಷ್ಟೆಲ್ಲ ಆದ ಮೇಲೆ. 1890ರ ದಶಕದಿಂದ ಕಂಪನಿಗಳು ಆಮ್ಲದಲ್ಲಿ ಅದ್ದಿದ ರಬ್ಬರ್ ಸ್ಟಾಂಪ್ ಒತ್ತಿ ಗಾಜಿನ ಮೇಲೆ ಹೆಸರು ಮೂಡಿಸತೊಡಗಿದವು. ಹಾಕ್ಸ್ ಮುದ್ರೆಯಲ್ಲಿ ಮೂರು ಎಸಳು, ಒಳಗೆ ಎರಡು ಗಿಡುಗ. ಲಿಬ್ಬಿಯ ಹೆಸರಿನ ಕೆಳಗೆ ಕೆಲವು ವರ್ಷ ಒಂದು ಕತ್ತಿ. ಎಗ್ಗಿಂಟನ್ ಕಂಪನಿಗೆ ಅರ್ಧಚಂದ್ರ ಮತ್ತು ನಕ್ಷತ್ರ. ಈ ಗುರುತು ತೀರಾ ಮಸುಕು. ಬಟ್ಟಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಮಾತ್ರ ತಳದಲ್ಲೋ ಹಿಡಿಯ ಬಳಿಯೋ ಕಂಡೀತು. 1890ರ ದಶಕಕ್ಕಿಂತ ಮೊದಲಿನ ಗಾಜಿನಲ್ಲಿ, ಅಂದರೆ ಎಷ್ಟೋ ಒಳ್ಳೆಯ ಕೆಲಸ ಬಂದ ಕಾಲದ್ದರಲ್ಲಿ, ಬಹುಪಾಲು ಮುದ್ರೆಯೇ ಇಲ್ಲ. ಡಾರ್ಫ್ಲಿಂಗರ್ ಹೆಚ್ಚಾಗಿ ಕಾಗದದ ಚೀಟಿ ಅಂಟಿಸುತ್ತಿದ್ದರು. ಮೊದಲ ಸಲ ತೊಳೆದಾಗಲೇ ಅದು ಹೋಯಿತು, ಅಲ್ವಾ?

ಮುದ್ರೆ ಇದ್ದರೂ ಸರಿಯಾಗಿ ಓದಬೇಕು. ಹೋರ್ ಕಂಪನಿಯ ವೃತ್ತದ ಮುದ್ರೆಯಲ್ಲಿ 1853 ಎಂದಿದೆ. ಎಷ್ಟೋ ಮಾರಾಟಗಾರರು ಅದನ್ನು ಬಟ್ಟಲು ಮಾಡಿದ ವರ್ಷ ಎಂದೇ ಬರೆಯುತ್ತಾರೆ. ಅದು ಹೋರ್ ಉದ್ಯಮಕ್ಕೆ ಇಳಿದ ವರ್ಷ. ಬಟ್ಟಲು ಅದಕ್ಕಿಂತ ನಲವತ್ತು ವರ್ಷ ಈಚಿನದೂ ಆಗಿರಬಹುದು.

1900ರ ನಂತರ ಖರ್ಚು ಉಳಿಸಲು ಒಂದು ದಾರಿ ಬಂತು. ಡಿಸೈನಿನ ದೊಡ್ಡ ಗೆರೆಗಳನ್ನು ಅಚ್ಚಿನಲ್ಲೇ ಒತ್ತಿದ ಬ್ಲ್ಯಾಂಕ್ ತಂದು, ಚಕ್ರದಲ್ಲಿ ಬರೀ ಅಂಚು ಚೂಪು ಮಾಡುವುದು. ಕೈಯಿಂದ ಕೊರೆದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ಬಟ್ಟಲಿನ ಒಳಗೆ ಬೆರಳಾಡಿಸಬೇಕು. ಅಚ್ಚಿನದಾದರೆ ಒಳಮೈ ಸ್ವಲ್ಪ ಏರುತಗ್ಗಾಗಿರುತ್ತದೆ. ಯುದ್ಧ ಬಂದಾಗ ಈ ಭಾರವಾದ ಗಾಜಿಗೆ ಬೇಕಾದ ಸೀಸ ಬೇರೆ ಕಡೆಗೆ ಹೋಯಿತು. ಜನರ ರುಚಿಯೂ ಬದಲಾಯಿತು. ಹೋರ್ ಕಂಪನಿ 1920ರಲ್ಲಿ ಮುಚ್ಚಿತು, ಡಾರ್ಫ್ಲಿಂಗರ್ ಮರುವರ್ಷ. ಹಾಕ್ಸ್ ಮಾತ್ರ 1962ರವರೆಗೆ ನಡೆಯಿತು. ಕಂಪನಿಗಳ ಜೊತೆ ಲೆಕ್ಕದ ಪುಸ್ತಕ, ಕ್ಯಾಟಲಾಗ್, ಕರಡು ಚಿತ್ರಗಳೂ ಚದುರಿಹೋದವು.

ಆಸಕ್ತಿ ಮರಳಿ ಬಂದಾಗ ಸಂಗ್ರಹಕಾರರು ಮೂಲ ಹೆಸರು ಸಿಗದ ಡಿಸೈನ್‌ಗಳಿಗೆ ತಾವೇ ಹೆಸರಿಟ್ಟರು. ಒಂದೇ ಡಿಸೈನಿಗೆ ಎರಡು ಹೆಸರು, ಎರಡು ಡಿಸೈನಿಗೆ ಒಂದೇ ಹೆಸರು ಬಂದದ್ದು ಹೀಗೆ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ನೆರೆ ಕಾರ್ನಿಂಗ್ ಊರಿಗೇ ನುಗ್ಗಿತು. ಅಲ್ಲಿನ ಗಾಜಿನ ಮ್ಯೂಸಿಯಂನ ಗ್ರಂಥಾಲಯ ನೀರಿನಲ್ಲಿ ಮುಳುಗಿತು. ಸಿಬ್ಬಂದಿ ಒದ್ದೆ ಪುಸ್ತಕಗಳನ್ನು ಫ್ರೀಜರ್‌ನಲ್ಲಿಟ್ಟು ಉಳಿಸಿದ ಶ್ರಮ ನಿಜಕ್ಕೂ ದೊಡ್ಡದು. 1978ರಲ್ಲಿ ಸಂಗ್ರಹಕಾರರ ಸಂಘ ಹುಟ್ಟಿತು. ಹಳೆಯ ಕ್ಯಾಟಲಾಗ್‌ಗಳು ಮತ್ತೆ ಅಚ್ಚಾದವು. ಒಂದೊಂದೇ ಬಟ್ಟಲನ್ನು ಚಿತ್ರದ ಪಕ್ಕ ಇಟ್ಟು ಗುರುತಿಸುವ ಕೆಲಸ ಶುರುವಾಯಿತು. ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ಗೊತ್ತಿರುವುದರಲ್ಲಿ ಜಾಸ್ತಿ ಪಾಲು ಬಂದದ್ದು ಈ ತಾಳ್ಮೆಯಿಂದ, ಮುದ್ರೆಯಿಂದಲ್ಲ.

ಅದೇ ಹೊತ್ತಿಗೆ ಮುದ್ರೆಗೆ ಬೆಲೆ ಕಟ್ಟುವ ಅಭ್ಯಾಸವೂ ಬೆಳೆಯಿತು. ಆಮ್ಲ, ರಬ್ಬರ್ ಸ್ಟಾಂಪ್ ಯಾರಿಗೂ ಸಿಗುತ್ತವೆ. ಹಳೆಯ ಗಾಜಿಗೆ ಹೊಸ ಮುದ್ರೆ, ಹೊಸ ಗಾಜಿಗೂ ಹಳೆಯ ಮುದ್ರೆ ಬಿದ್ದವು. ಇದಕ್ಕೆ ಪರೀಕ್ಷೆ ಇದೆ. ನೂರು ವರ್ಷ ಬಳಸಿದ ಬಟ್ಟಲಿನ ಮೇಲೆ ಸಣ್ಣ ಗೀರು ಬಿದ್ದಿರುತ್ತವೆ. ಗೀರುಗಳು ಮುದ್ರೆಯ ಮೇಲೆ ಹಾದಿರಬೇಕು. ಮುದ್ರೆಯೇ ಗೀರುಗಳ ಮೇಲೆ ಕೂತಿದ್ದರೆ ಅದು ಆಮೇಲೆ ಒತ್ತಿದ್ದು. ಅತಿನೇರಳೆ ಬೆಳಕಿನಲ್ಲಿ ಹಳೆಯ ಅಮೆರಿಕನ್ ಗಾಜು ಸಾಮಾನ್ಯವಾಗಿ ಹಳದಿ-ಹಸಿರಾಗಿ ಮಿನುಗುತ್ತದೆ. ಅದರಿಂದ ಕಾಲದ ಅಂದಾಜು ಸಿಗಬಹುದು, ಕಂಪನಿಯ ಹೆಸರಲ್ಲ.

ಮಾರುವವರಿಗೆ ಒಂದು ಹೆಸರು ಬೇಕು, ಕೊಳ್ಳುವವರಿಗೂ ಬೇಕು. ಈ ಒತ್ತಡದಲ್ಲಿ ‘ಇರಬಹುದು’ ಎಂಬುದು ‘ಹೌದು’ ಆಗಿಬಿಡುತ್ತದೆ. ಕ್ಯಾಟಲಾಗ್ ಚಿತ್ರ, ಬ್ಲ್ಯಾಂಕ್‌ನ ಆಕಾರ, ತಳದ ನಕ್ಷತ್ರಕ್ಕೆ ಎಷ್ಟು ಮೊನೆ, ಹಿಡಿಯ ಕೊರೆತ, ಇವೆಲ್ಲ ಒಂದೇ ಕಡೆಗೆ ಬೊಟ್ಟು ಮಾಡಿದಾಗ ಹೆಸರು ಹಾಕುವುದು ನ್ಯಾಯ. ಇಲ್ಲದಿದ್ದರೆ ‘ಹಾಕ್ಸ್ ಡಿಸೈನ್, ಕೊರೆದವರು ತಿಳಿದಿಲ್ಲ’ ಎಂದು ಬರೆದರೂ ಗಾಜಿನ ಹೊಳಪು ಕಡಿಮೆಯಾಗುವುದಿಲ್ಲ. ಇನ್ನೂ ಯಾವುದೋ ಮನೆಯ ಅಟ್ಟದಲ್ಲಿ ಒಂದು ಕ್ಯಾಟಲಾಗ್ ಸಿಕ್ಕರೆ, ಇವತ್ತು ಒಂದು ಕಂಪನಿಯದೆಂದು ಮಾರಿದ ಬಟ್ಟಲು ನಾಳೆ ಇನ್ನೊಂದರ ಹೆಸರಿಗೆ ಹೋಗಬಹುದು.