ಕೆಲಸ ಮಾಡಿದ್ದು ಕ್ಯಾಟಲಿಸ್ಟೋ, ಕಲ್ಮಶವೋ?

ನೀರನ್ನು ಒಡೆದು ಹೈಡ್ರೋಜನ್ ತೆಗೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಸೆಲ್‌ನಲ್ಲಿ ಅಷ್ಟು ಕೊಟ್ಟರೆ ಒಂದು ಗುಳ್ಳೆಯೂ ಏಳುವುದಿಲ್ಲ. ಮೇಲೆ ಕೊಡಬೇಕಾದ ಹೆಚ್ಚುವರಿ ವೋಲ್ಟೇಜೇ ಓವರ್‌ಪೊಟೆನ್ಶಿಯಲ್. ಅದನ್ನು ಇಳಿಸುವುದು ಎಲೆಕ್ಟ್ರೋಡ್‌ಗೆ ಹಚ್ಚುವ ಕ್ಯಾಟಲಿಸ್ಟ್‌ನ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ ಕೆಲಸ. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹರಿಯಲು ಎಷ್ಟು ಮಿಲಿವೋಲ್ಟ್ ಹೆಚ್ಚು ಬೇಕಾಯಿತು ಎಂದು ನೋಡಿ ಹೋಲಿಸುವುದು ರೂಢಿ. ಆ ಸಂಖ್ಯೆ ತೀರಾ ಚೆನ್ನಾಗಿ ಬಂದಾಗಲೇ ಅನುಮಾನ ಪಡಬೇಕು.

ಪ್ರಯೋಗದ ಅಳತೆಗಳನ್ನೇ ನೋಡಿ. 1 ಮಿಲಿಲೀಟರ್ ದ್ರಾವಣದಲ್ಲಿ 5 ಮಿಲಿಗ್ರಾಂ ಕ್ಯಾಟಲಿಸ್ಟ್ ಪುಡಿ ಕದಡಿದ ಇಂಕ್‌ನಿಂದ 3 ಮೈಕ್ರೋಲೀಟರ್ ತೆಗೆದು, 3 ಮಿಲಿಮೀಟರ್ ವ್ಯಾಸದ ಗ್ಲಾಸಿ ಕಾರ್ಬನ್ (ಗಾಜಿನಂಥ ಇಂಗಾಲದ ಎಲೆಕ್ಟ್ರೋಡ್) ಮೇಲೆ ಹನಿಸಿದರೆ ಅಲ್ಲಿ ಕೂರುವುದು 15 ಮೈಕ್ರೋಗ್ರಾಂ. ಇನ್ನು ಸೆಲ್‌ನಲ್ಲಿರುವ 50 ಮಿಲಿಲೀಟರ್ 1 ಮೋಲಾರ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ಗೆ ಸುಮಾರು 3 ಗ್ರಾಂ ಪೆಲೆಟ್ ಹಾಕಿರುತ್ತೇವೆ. ಬಾಟಲಿಯ ಲೇಬಲ್ ಮೇಲೆ ಕಬ್ಬಿಣ ಗರಿಷ್ಠ 0.001% ಎಂದಿದ್ದರೆ, ದ್ರಾವಣದಲ್ಲಿ 30 ಮೈಕ್ರೋಗ್ರಾಂವರೆಗೂ ಕಬ್ಬಿಣ ಇರಬಹುದು. ಅಂದರೆ ಹಚ್ಚಿದ ಕ್ಯಾಟಲಿಸ್ಟ್‌ನ ಎರಡರಷ್ಟು!

ಆಮ್ಲಜನಕ ಬಿಡುವ ಬದಿಯಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ನಿಕಲ್ ಹೈಡ್ರಾಕ್ಸೈಡ್ ಸುತ್ತಲಿನ ಕಬ್ಬಿಣವನ್ನು ಹೀರಿಕೊಳ್ಳುತ್ತದೆ, ಹೀರಿಕೊಂಡಷ್ಟೂ ಚುರುಕಾಗುತ್ತದೆ. 1987ರಲ್ಲೇ ಕಾರಿಗನ್ ಎಂಬ ಸಂಶೋಧಕರು ಇದನ್ನು ತೋರಿಸಿದ್ದರು. ಕಬ್ಬಿಣವನ್ನು ದೂರವಿಟ್ಟರೆ ನಿಕಲ್ ಎಷ್ಟು ಸಪ್ಪೆ ಎಂಬುದು 2014ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಬೋಯೆಚರ್ ತಂಡದ ಪ್ರಯೋಗಗಳಿಂದ ಸ್ಪಷ್ಟವಾಯಿತು. ವೋಲ್ಟಮೋಗ್ರಾಮಿನಲ್ಲಿ (ವೋಲ್ಟೇಜನ್ನು ಮತ್ತೆ ಮತ್ತೆ ಏರಿಸಿ ಇಳಿಸುತ್ತಾ ಕರೆಂಟ್ ಅಳೆದ ನಕ್ಷೆಯಲ್ಲಿ) ನಿಕಲ್‌ನ ಆಕ್ಸಿಡೀಕರಣದ ಉಬ್ಬು ಸುತ್ತು ಸುತ್ತಿಗೂ ಹೆಚ್ಚಿನ ವೋಲ್ಟೇಜಿನ ಕಡೆ ಜರುಗಿ ಕುಗ್ಗುತ್ತಿದ್ದರೆ ಕಬ್ಬಿಣ ಒಳಸೇರುತ್ತಿದೆ ಎಂದೇ ತಿಳಿಯಿರಿ.

ಕ್ಷಾರವನ್ನು, ಅಂದರೆ ಆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು, ಶುದ್ಧಿ ಮಾಡುವ ವಿಧಾನಕ್ಕೂ ನಿಕಲ್‌ನ ಇದೇ ಗುಣ ಆಧಾರ. 99.999% ಶುದ್ಧಿಯ ನಿಕಲ್ ನೈಟ್ರೇಟ್ 2 ಗ್ರಾಂ ತೆಗೆದುಕೊಂಡು 4 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. 20 ಮಿಲಿಲೀಟರ್ 1 ಮೋಲಾರ್ ಕ್ಷಾರ ಹಾಕಿದರೆ ಹಸಿರು ಗಷ್ಟು ಕೂರುತ್ತದೆ. ಅದನ್ನು ಸೆಂಟ್ರಿಫ್ಯೂಜ್ ಮಾಡಿ, ಕ್ಷಾರ ಬೆರೆತ ನೀರಿನಲ್ಲಿ ಮೂರು ಸಲ ತೊಳೆದು, ಶುದ್ಧಿಯಾಗಬೇಕಾದ ಕ್ಷಾರವನ್ನು ಅದರ ಮೇಲೆ ತುಂಬಿ. ಕನಿಷ್ಠ 10 ನಿಮಿಷ ಕುಲುಕಿ, 3 ಗಂಟೆ ಬಿಟ್ಟು, ಮತ್ತೆ ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನಷ್ಟೇ ಬಸಿದುಕೊಳ್ಳಿ. ಇದೆಲ್ಲ ಪಾಲಿಪ್ರೊಪಿಲೀನ್ ಟ್ಯೂಬಿನಲ್ಲೇ ಆಗಬೇಕು, ಟ್ಯೂಬನ್ನು ಮೊದಲು ಸಲ್ಫ್ಯೂರಿಕ್ ಆಮ್ಲದಲ್ಲಿ ತೊಳೆದಿರಬೇಕು. ಇಷ್ಟು ಪಾಡುಪಟ್ಟ ಕ್ಷಾರವನ್ನು ಕೊನೆಗೆ ಗಾಜಿನ ಸೆಲ್‌ಗೆ ಸುರಿಯುವವರಿದ್ದಾರೆ. ಕ್ಷಾರ ಗಾಜನ್ನು ತಿನ್ನುತ್ತದೆ, ಗಾಜಿನಲ್ಲಿದ್ದದ್ದು ದ್ರಾವಣಕ್ಕೆ ಇಳಿಯುತ್ತದೆ.

ಕಾರ್ಬನ್ ನ್ಯಾನೊಟ್ಯೂಬ್‌ಗಳದ್ದು ಬೇರೆ ತಕರಾರು. ಅವುಗಳನ್ನು ಬೆಳೆಸಲು ಕಬ್ಬಿಣ, ಕೋಬಾಲ್ಟ್ ಅಥವಾ ನಿಕಲ್‌ನ ಕಣಗಳು ಬೇಕು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ತಂಡ 1990ರ ದಶಕದಲ್ಲಿ ಬಳಸಿದ ಫೆರೋಸೀನ್ ದಾರಿಯಲ್ಲಂತೂ ಇಂಗಾಲವೂ ಕಬ್ಬಿಣವೂ ಒಂದೇ ಅಣುವಿನಿಂದ ಬರುತ್ತವೆ. ಆಮ್ಲದಲ್ಲಿ ತೊಳೆದರೆ ಹೊರಗಿನ ಲೋಹ ಹೋಗುತ್ತದೆ, ಗ್ರಾಫೈಟ್ ಪದರ ಹೊದ್ದು ಒಳಗೆ ಕೂತದ್ದು ಹೋಗುವುದಿಲ್ಲ. ಹಮ್ಮರ್ಸ್ ವಿಧಾನದ ಗ್ರಾಫೀನ್ ಆಕ್ಸೈಡ್‌ನಲ್ಲಿ ಪರ್ಮಾಂಗನೇಟ್‌ನಿಂದ ಬಂದ ಮ್ಯಾಂಗನೀಸ್ ಉಳಿದಿರುತ್ತದೆ. ಇಂಥ ಇಂಗಾಲದ ಕ್ಯಾಟಲಿಸ್ಟ್ ‘ಲೋಹರಹಿತ’ ಎನ್ನುವುದಕ್ಕೆ ಎಕ್ಸ್‌ಪಿಎಸ್ (ಎಕ್ಸ್-ಕಿರಣ ಹಾಯಿಸಿ ಧಾತುಗಳನ್ನು ಗುರುತಿಸುವ ಪರೀಕ್ಷೆ) ಫಲಿತಾಂಶ ತೋರಿಸಿದರೆ ಒಪ್ಪಬೇಡಿ. ಅದು ನೋಡುವುದು ಮೇಲ್ಮೈಯ ಕೆಲವೇ ನ್ಯಾನೊಮೀಟರ್. ಮಾದರಿಯನ್ನು ಸುಟ್ಟು ಬೂದಿ ಮಾಡಿ, ಬೂದಿಯನ್ನು ಆಮ್ಲದಲ್ಲಿ ಕರಗಿಸಿ ಲವಲೇಶದ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಉಪಕರಣಕ್ಕೆ ಕೊಡಬೇಕು. (ಗ್ರಾಫೀನ್‌ಗೆ ಏನು ಬೆರೆಸಿದರೂ ಸುಧಾರಿಸುತ್ತದಲ್ಲ ಎಂದು ಪ್ರಾಗ್‌ನ ಸಂಶೋಧಕರು ಹಕ್ಕಿಯ ಹಿಕ್ಕೆಯನ್ನೇ ಬೆರೆಸಿ ನೋಡಿ 2020ರಲ್ಲಿ ಪ್ರಕಟಿಸಿದರು. ಅದೂ ಸುಧಾರಿಸಿತ್ತು.)

ಇನ್ನು ಸೆಲ್‌ನಲ್ಲಿ ಎದುರಿನ ಎಲೆಕ್ಟ್ರೋಡ್ ಆಗಿರುವ ಪ್ಲಾಟಿನಂ ತಂತಿ. ಹೈಡ್ರೋಜನ್ ಬದಿಯನ್ನು ಪರೀಕ್ಷಿಸುವಾಗ ಅದು ಆನೋಡ್ ಆಗಿ ಸ್ವಲ್ಪ ಸ್ವಲ್ಪವೇ ಕರಗಿ ನಿಮ್ಮ ಕ್ಯಾಟಲಿಸ್ಟ್ ಮೇಲೆ ಬಂದು ಕೂರುತ್ತದೆ. ಸಾವಿರ ಸುತ್ತು ಓಡಿದ ಮೇಲೆ ಓವರ್‌ಪೊಟೆನ್ಶಿಯಲ್ ಇನ್ನಷ್ಟು ಇಳಿದರೆ ಮೊದಲು ಅನುಮಾನಿಸಬೇಕಾದದ್ದು ಈ ತಂತಿಯನ್ನು. ಬದಲಿಗೆ ಗ್ರಾಫೈಟ್ ಕಡ್ಡಿ ಹಾಕಿ. ಅದು ಕಪ್ಪು ಪುಡಿ ಉದುರಿಸುತ್ತದೆ, ಹಾಗಾಗಿ ಮಧ್ಯೆ ಪೊರೆಯೊಂದಿರಲಿ. ಕಡ್ಡಿ ಸಿಗದಿದ್ದರೆ ಏನೂ ಹಚ್ಚದ ಗ್ಲಾಸಿ ಕಾರ್ಬನ್ ಒಂದನ್ನು ಅದೇ ಸೆಲ್, ಅದೇ ತಂತಿಯೊಂದಿಗೆ ಅಷ್ಟೇ ಸುತ್ತು ಓಡಿಸಿ. ಬರಿಯ ಕಾರ್ಬನ್‌ನ ಕರೆಂಟೂ ಏರುತ್ತಿದ್ದರೆ ಪ್ಲಾಟಿನಂ ಅಲ್ಲಿಗೂ ತಲುಪಿದೆ.